ರೇಡಿಯೋಕ್ಕೆ ಒಂದು ಚೊಂಬು ನೀರು

ಹತ್ತೊಂಬೈನೂರ ನಾಲ್ಕನೆಯ ಇಸವಿಯಲ್ಲಿ ನಾನು ಓದು ನಿಲ್ಲಿಸಿದೆ. ನಾಲ್ಕನೆಯ ಇಸವಿ, ನಾಲ್ಕನೆಯ ಕ್ಲಾಸು. ಎರಡೂ ಒಂದೇ ಆದ್ದರಿಂದ ನೆನಪಿಡಲು ಕಷ್ಟವಿಲ್ಲ. ಫೇಲಾಗಿ ಬಿಟ್ಟವನಲ್ಲ, ಮೇಷ್ಟ್ರ ಬೆತ್ತಕ್ಕೆ ಹೆದರಿ ಬಿಟ್ಟವನೂ ಅಲ್ಲ. ಅಪ್ಪನ ಬಂಡಿಗೆ ಇನ್ನೊಂದು ಜೊತೆ ಕೈ ಬೇಕಾಗಿದ್ದವು, ನನ್ನಲ್ಲಿ ಒಂದು ಜೊತೆ ಇದ್ದವು, ಅಷ್ಟೇ ಸಂಗತಿ. ಅಲ್ಲಿಂದ ಮುಂದೆ ಬುಕ್ಕಸಾಗರದ ಭತ್ತವನ್ನು ಹೊಸಪೇಟೆಯ ರೈಲಿಗೆ ಹೊಡೆದೆ, ಸಂಡೂರಿನ ಗುಡ್ಡದ ಕಪ್ಪು ಅದಿರನ್ನು ಹೊಡೆದೆ. ಒಂದು ಬಂಡಿ ಎರಡಾಯಿತು, ಎರಡು ನಾಲ್ಕಾಯಿತು, ನಾಲ್ಕೂ ಹೋಗಿ ಕಂಪ್ಲಿಯಲ್ಲಿ ಒಂದು ಅಕ್ಕಿಗಿರಣಿಯಾಯಿತು. ಇದನ್ನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ನಾನು "ಹತ್ತೊಂಬೈನೂರ" ಎಂದು ಬಾಯಿ ತೆಗೆದರೆ ಸಾಕು, ನನ್ನ ಹೆಂಡತಿ ನೀಲಮ್ಮ ಎದ್ದು ಒಲೆಯ ಕಡೆ ಹೋಗುತ್ತಾಳೆ. ಕಥೆ ಮುಗಿಯುವ ಹೊತ್ತಿಗೆ ಅನ್ನ ಆಗಿರುತ್ತದೆ ಎಂಬುದು ಅವಳ ಅಂದಾಜು.

ಇವತ್ತು ಹೇಳಹೊರಟದ್ದು ಅದಲ್ಲ. ಒಂದು ಚೊಂಬಿನ ವಿಷಯ.

ಗಿರಣಿಗೆ ಅಂಟಿಕೊಂಡೇ ನಮ್ಮ ಮನೆ. ಮನೆಯ ಪಡುವಣ ಗೋಡೆಯ ಬುಡಕ್ಕೆ ದಿನಾ ಸಂಜೆ ನಾನು ಒಂದು ಚೊಂಬು ನೀರು ಹಾಕುತ್ತೇನೆ. ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ತಾಮ್ರದ ಚೊಂಬು ತುಂಬಿಕೊಂಡು ಬಂದು ನಿಧಾನವಾಗಿ ಸುರಿಯುತ್ತೇನೆ. ಮೊನ್ನೆ ಊರಿಗೆ ಹೊಸದಾಗಿ ಬಂದ ಪೋಸ್ಟ್ ಮಾಸ್ತರರು ಆ ದಾರಿಯಲ್ಲಿ ಹೋಗುತ್ತಿದ್ದವರು ನಿಂತರು, ಚಪ್ಪಲಿ ಕಳಚಿದರು, ಗೋಡೆಗೆ ಕೈಮುಗಿದರು. ಆಮೇಲೆ ಮೆಲ್ಲಗೆ ಕೇಳಿದರು: "ಯಾವ ದೇವರು, ಯಜಮಾನರೇ?"

"ರೇಡಿಯೋರಿ" ಎಂದೆ.

ಪಾಪ, ಅವರು ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ದೂರ ಹೋಗಿಬಿಟ್ಟರು.

ರೇಡಿಯೋ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲದವರಿಗಾಗಿ ಹೇಳುತ್ತೇನೆ. ಪೆಟ್ಟಿಗೆಯ ಬೆನ್ನಿಗೆ ಎರಡು ತಂತಿ. ಒಂದು ಮೇಲಕ್ಕೆ ಹೋಗಿ ಮಾಳಿಗೆಯ ಮೇಲಿನ ಬಿದಿರಿನ ಗಳಕ್ಕೆ ಕಟ್ಟಿಕೊಳ್ಳುತ್ತದೆ. ಇನ್ನೊಂದು ಗೋಡೆಯ ತೂತಿನಿಂದ ಕೆಳಗಿಳಿದು ನೆಲದೊಳಗೆ ಹೋಗುತ್ತದೆ. ಮೇಲಿನದು ಮಾತನ್ನು ಹಿಡಿದು ತರುತ್ತದಂತೆ, ಕೆಳಗಿನದು ಅದರೊಳಗಿನ ಕಸವನ್ನು ಭೂಮಿಗೆ ಬಿಡುತ್ತದಂತೆ. ಭೂಮಿ ಹಸಿಯಾಗಿದ್ದರೆ ಮಾತು ಸ್ವಚ್ಛ. ಒಣಗಿದರೆ ಬರೀ ಗೊರಗೊರ. ಬಳ್ಳಾರಿಯ ಅಂಗಡಿಯವನು ಇಷ್ಟು ಹೇಳಿ, "ಆಗಾಗ ಸ್ವಲ್ಪ ನೀರು ಹಾಕ್ತಿರ್ರಿ" ಎಂದಿದ್ದ. ನಮ್ಮ ಕಡೆಯ ಬಿಸಿಲಿನಲ್ಲಿ ಆಗಾಗ ಎಂದರೆ ದಿನಾ ಎಂದೇ ಅರ್ಥ. ಹಾಕಿದ್ದೇ ಹಾಕಿದ್ದು, ಆ ತಂತಿಯ ಪಕ್ಕದಲ್ಲಿ ಎಲ್ಲಿಂದಲೋ ಒಂದು ತೊಂಡೆಯ ಬಳ್ಳಿ ಹುಟ್ಟಿತು. ಈಗ ಮಾಳಿಗೆಯವರೆಗೆ ಹಬ್ಬಿದೆ. ಮೈಸೂರು ನಿಲಯ ಚೆನ್ನಾಗಿ ಕೇಳಿದ ವಾರ ತೊಂಡೆಕಾಯಿ ಹೆಚ್ಚು ಬಿಡುತ್ತದೆ ಎಂದು ನೀಲಮ್ಮ ನಂಬಿದ್ದಾಳೆ. ನೆರೆಮನೆಗೆ ಹಂಚುವಾಗ "ರೇಡಿಯೋ ತೊಂಡಿಕಾಯಿ" ಎಂದೇ ಹೇಳಿ ಕೊಡುತ್ತಾಳೆ.

ಓದು ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನು ನಾನು. ಲೆಕ್ಕವನ್ನು ಬಂಡಿ ಹೊಡೆಯುತ್ತಲೇ ಕಲಿತೆ. ಬರೆಯುವುದನ್ನು ಗಿರಣಿಯ ಚೀಟಿಗಳ ಮೇಲೆ ಕಲಿತೆ. ಒಂದು ಮಾತ್ರ ಬಿಟ್ಟುಹೋಗಿತ್ತು. ಮಧ್ಯಾಹ್ನದ ಮೇಲೆ ನಮ್ಮ ಮೇಷ್ಟ್ರು ಕಣ್ಣು ಅರ್ಧ ಮುಚ್ಚಿಕೊಂಡು ಏನಾದರೂ ಗಟ್ಟಿಯಾಗಿ ಓದುತ್ತಿದ್ದರು. ನಮಗೆ ತಿಳಿಯಲಿ ಬಿಡಲಿ, ಅವರು ಓದುವರು, ನಾವು ಕೂತಿರುವೆವು. ಯಾರೋ ನನಗಾಗಿ ಓದುತ್ತಿದ್ದಾರೆ, ನಾನು ಏನೂ ಮಾಡಬೇಕಾಗಿಲ್ಲ ಎಂಬ ಆ ಸುಖವಿದೆಯಲ್ಲ, ಅದು ಬಂಡಿಯ ಮೇಲೆ ಸಿಗಲಿಲ್ಲ. ಎತ್ತುಗಳು ಒಳ್ಳೆಯವು, ಆದರೆ ಓದಿ ಹೇಳುವುದಿಲ್ಲ. ಗಿರಣಿಯಲ್ಲೂ ಸಿಗಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ತಲೆ ಪೂರ್ತಿ ಬೆಳ್ಳಗಾದ ಮೇಲೆ, ಆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಗೂಡಿನಲ್ಲಿರಿಸಿ, ಕಿವಿ ತಿರುಪಿದಾಗ ಯಾರೋ ಒಬ್ಬರು ಓದತೊಡಗಿದರು. ನಾನು ಚಾಪೆಯ ಮೇಲೆ ಕಾಲು ಮಡಿಸಿ ಕೂತೆ. ಐದನೆಯ ಕ್ಲಾಸಿಗೆ ಸೇರಿದೆ ಎಂದುಕೊಂಡೆ.

ಊರಿನಲ್ಲಿ ಕರೆಂಟಿಲ್ಲ. ಗಿರಣಿಯ ಎಣ್ಣೆ ಇಂಜಿನ್ನಿಗೆ ಒಂದು ಪುಟ್ಟ ಡೈನಮೋ ಬಿಗಿದು ಬ್ಯಾಟರಿ ತುಂಬಿಸಿಕೊಳ್ಳುತ್ತೇವೆ. ಭತ್ತ ಬಂದರೆ ಇಂಜಿನ್, ಇಂಜಿನ್ ಓಡಿದರೆ ಬ್ಯಾಟರಿ, ಬ್ಯಾಟರಿ ಇದ್ದರೆ ಹಾಡು. ಹಾಗಾಗಿ ನಮ್ಮ ಮನೆಯ ಸಂಗೀತ ಬುಕ್ಕಸಾಗರದ ಗದ್ದೆಯಿಂದ ಬರುತ್ತದೆ ಎಂದರೆ ಸುಳ್ಳಲ್ಲ.

ನಮಗೆ ಕೇಳುವ ನಿಲಯಗಳು ಮೂರು. ಮದ್ರಾಸು ಗಟ್ಟಿ, ತಮಿಳು, ತೆಲುಗು ಎರಡೂ ಬರುತ್ತವೆ. ತೆಲುಗು ಬಂಡಿ ಹೊಡೆಯುವಾಗಿನ ಸ್ನೇಹ, ತೊಂದರೆಯಿಲ್ಲ. ತಮಿಳಿನಲ್ಲಿ ಹಾಡು ಸಾಕು, ಮಾತು ಬೇಡ. ಹೈದರಾಬಾದು ಉರ್ದು. ಅದಕ್ಕೆ ನಮ್ಮ ಇಂಜಿನ್ ಡ್ರೈವರ್ ಮಾಬುಸಾಬನೇ ಪಂಡಿತ. ಸಂಜೆ ಎಣ್ಣೆಗೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಹೊರಗೆ ಕೂರುತ್ತಾನೆ.

"ಏನಂತಾನಲೇ ಇವ?" ಎಂದು ಕೇಳುತ್ತೇನೆ.

"ಭಾಳ ದುಃಖದಾಗ ಅದಾನ್ರಿ ಸಾವ್ಕಾರ್ರೆ."

"ಯಾಕಂತ?"

"ಬರ್ತೀನಿ ಅಂದಾಕಿ ಬರಲಿಲ್ಲಂತ್ರಿ."

"ನಿನ್ನೀನೂ ಬಂದಿಲ್ಲ ಅಂದಿದ್ದೆಲ್ಲ?"

"ಇನ್ನೂ ಬಂದಿಲ್ರಿ. ಇವರಿಗೆ ಅದೇ ಉದ್ಯೋಗ."

ಮೂರನೆಯದು ಮೈಸೂರು. ನಾವು ಮದ್ರಾಸ್ ಸರಕಾರದವರು, ಕಂದಾಯ ಹೋಗುವುದು ಆ ಕಡೆ. ಆದರೆ ಸಂಜೆಯಾದರೆ ಕಿವಿ ತಿರುಗುವುದು ಈ ಕಡೆ. ಮೈಸೂರಿನ ನಿಲಯಕ್ಕೆ ಬಲ ಕಡಿಮೆ. ಗಾಳಿ ಸರಿಯಿದ್ದು, ನೆಲ ಹಸಿಯಿದ್ದು, ನಮ್ಮ ಪುಣ್ಯವೂ ನೆಟ್ಟಗಿದ್ದರೆ ಬರುತ್ತದೆ. ಬಂದರೆ ಮಾತ್ರ ಶುದ್ಧ ಕನ್ನಡ. ಅಲ್ಲಿ ಮಾತಾಡುವ ಒಬ್ಬ ಹೆಣ್ಣುಮಗಳು "ಕೇಳುಗರೇ, ನಮಸ್ಕಾರ" ಎಂದಾಗ ನೀಲಮ್ಮ ಮೊದಮೊದಲು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. "ಬಾಯಾಗ ತುಪ್ಪ ಇಟಗೊಂಡು ಮಾತಾಡ್ತಾಳ ನೋಡ್ರಿ. ನಮ್ಮಂಗ ಬರ್ರಿ, ಕುಂದ್ರಿ ಅನ್ನಂಗಿಲ್ಲ. ಬನ್ನಿ, ಕುಳಿತುಕೊಳ್ಳಿ ಅಂತಾಳ. ಅಷ್ಟು ಅನ್ನೋದ್ರಾಗ ಬಂದಾರು ನಿಂತೇ ಸುಸ್ತಾಗ್ತಾರ" ಎಂದು ನಗುತ್ತಿದ್ದಳು. ಆಮೇಲೆ ಎಷ್ಟು ಹೊಂದಿಕೊಂಡಳೆಂದರೆ, ಆ ದನಿ ಸ್ವಲ್ಪ ಒಡೆದಿದ್ದರೂ ಗುರುತು ಹಿಡಿದುಬಿಡುತ್ತಾಳೆ. "ಇವತ್ತ ಅಕ್ಕಗ ನೆಗಡಿ ಆಗೈತಿ. ಶುಂಠಿ ಕಷಾಯ ಮಾಡಿ ಕೊಡೋರು ಯಾರರ ಅದಾರೋ ಇಲ್ಲೋ."

ನನಗೆ ನೆಗಡಿ ತಿಳಿಯುವುದಿಲ್ಲ. ನನ್ನ ಎಡಗಿವಿಯಲ್ಲಿ ಅರ್ಧವನ್ನು ಇಂಜಿನ್ ತಿಂದುಹಾಕಿದೆ. ಅದನ್ನು ಒಪ್ಪಿಕೊಳ್ಳದೆ "ಮೈಸೂರಿನವರು ಇವತ್ತು ಮೆಲ್ಲಗೆ ಮಾತಾಡ್ತಾರ" ಎಂದು ಪೆಟ್ಟಿಗೆಗೆ ಬಲಗಿವಿ ಆನಿಸಿ ಕೂರುತ್ತೇನೆ. ಭತ್ತದ ನಾಟಿಯ ಬಗ್ಗೆ ಯಾರಾದರೂ ಭಾಷಣ ಮಾಡಿದರೆ ಹಾಗೆ ಆನಿಸಿಕೊಂಡೇ ಜಗಳವಾಡುತ್ತೇನೆ. "ಹಂಗಲ್ಲಪಾ, ಹೊಳಿ ದಂಡಿ ಗದ್ದಿಗೆ ಅದು ನಡಿಯಂಗಿಲ್ಲ." ಅವರು ಕೇಳಿಸಿಕೊಳ್ಳದೆ ಮುಂದುವರಿಯುತ್ತಾರೆ. ಮಾತಿನ ನಡುವೆ ಬಾಯಿ ಹಾಕಿದರೂ ಬೆತ್ತ ಎತ್ತದ ಮೇಷ್ಟ್ರು ಅವರೊಬ್ಬರೇ.

ಆ ಇಂಜಿನ್ನಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದನ್ನು ಎಬ್ಬಿಸುವುದು ಎಂದರೆ ದೀಪದ ಉರಿಯಿಂದ ಅದರ ತಲೆಯನ್ನು ಕೆಂಪಗೆ ಕಾಸಿ, ಇಬ್ಬರು ಸೇರಿ ಚಕ್ರ ತಿರುಗಿಸಬೇಕು. ಅಷ್ಟು ಮಾಡಿಯೂ ಮನಸ್ಸಿದ್ದರೆ ಏಳುತ್ತದೆ. ಆದ್ದರಿಂದ ಸುಗ್ಗಿಯಲ್ಲಿ ಬೆಳಿಗ್ಗೆ ಎಬ್ಬಿಸಿದರೆ ರಾತ್ರಿ ಊಟದ ಹೊತ್ತಿನವರೆಗೆ ನಿಲ್ಲಿಸುವ ಮಾತಿಲ್ಲ. ಊರಿನವರಿಗೂ ಅದರ ಟುಕ್ ಟುಕ್ ಸದ್ದು ಅಭ್ಯಾಸವಾಗಿ, ಕೂಸುಗಳು ಅದಕ್ಕೇ ಮಲಗುತ್ತಿದ್ದವು. ಮಗಳ ಲಗ್ನದ ದಿನವೂ ನಾನು ನಿಲ್ಲಿಸಿರಲಿಲ್ಲ. ವಾದ್ಯ ಕೇಳಲಿಲ್ಲವೆಂದು ಬೀಗರು ಇಂದಿಗೂ ಅನ್ನುತ್ತಾರೆ. ಒಂದು ಸಲ ಸಂತೆಯಲ್ಲಿ ನಿಂತು, ಜನರ ಮುಂದೆ, ಮೀಸೆ ತಿರುವಿ ನಾನೇ ಅಂದಿದ್ದೆ: "ಸುಗ್ಗಿಯಾಗ ನನ್ನ ಇಂಜಿನ್ ನಡುವ ನಿಂತಿತಂದ್ರ, ಪಂಪಣ್ಣ ಸತ್ತಾನ ಅಂತ ತಿಳಕೊಳ್ರಿ."

ಜನ ಇಂಥ ಮಾತನ್ನು ಎಷ್ಟು ಚೆನ್ನಾಗಿ ನೆನಪಿಡುತ್ತಾರೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಈಗ ಗಾದಿಲಿಂಗಪ್ಪನ ವಿಷಯಕ್ಕೆ ಬರುತ್ತೇನೆ. ಅವನು ನನ್ನ ನಾಲ್ಕನೆಯ ಕ್ಲಾಸಿನ ಗೆಳೆಯ. ನಾನು ಬಂಡಿಗೆ ಹೋದ ಮೇಲೆ ಅವನೂ ಶಾಲೆ ಬಿಟ್ಟು ಒಂದು ನಾಟಕ ಕಂಪನಿಯ ಹಿಂದೆ ಹೋಗಿಬಿಟ್ಟ. ರಾಜನ ಪಾರ್ಟು ಅವನದು. ಹಂಪಿಯ ಸುತ್ತಮುತ್ತ ಕಂಪನಿ ಬಿಡಾರ ಹೂಡಿದಾಗ ಬೆಳಗಿನ ಹೊತ್ತು ಒಂದು ಮುರುಕು ಮಂಟಪದಲ್ಲಿ ನಿಂತು ಹಾಡಿಕೊಳ್ಳುತ್ತಿದ್ದ. ನಾನು ಬಂಡಿ ನಿಲ್ಲಿಸಿ, "ಬಯಲಾಗ ಹಾಡಬಾರದೇನಲೇ, ಕಲ್ಲಿನ ಮುಂದ ಯಾಕ ಒದರ್ತಿ?" ಎಂದರೆ, "ಕಲ್ಲು ತಿರುಗಿ ಹಾಡ್ತಾವಪಾ. ನನಗ ಯಾರರ ತಿರುಗಿ ಅನ್ನಬೇಕು, ಇಲ್ಲಂದ್ರ ದನಿ ಏಳಂಗಿಲ್ಲ" ಎನ್ನುತ್ತಿದ್ದ.

ಅದು ಬರೀ ಮಾತಲ್ಲ. ನಾಟಕದಲ್ಲಿ ಅವನದೊಂದು ಪದ್ಧತಿಯಿತ್ತು. ಹಾಡು ಮುಗಿಸಿ, ಹಿಂದಕ್ಕೆ ಸರಿದು, ಮೀಸೆಯ ಮೇಲೆ ಕೈಯಾಡಿಸುತ್ತ ನಿಲ್ಲುವನು. ಕಥೆ ಮುಂದೆ ಹೋಗುವಂತಿಲ್ಲ, ರಾಣಿ ಮಾತಾಡುವಂತಿಲ್ಲ. ಚಾಪೆಯ ಮೇಲಿನ ಜನ "ಒನ್ಸ್ ಮೋರ್" ಎಂದು ಕೂಗಬೇಕು. ಒಂದು ಸಲ ಕೂಗಿದರೆ ಕೇಳಿಸದವನಂತೆ ನಿಂತಿರುವನು. ಎರಡನೆಯ ಸಲ ಕೂಗಿದರೆ, ಏನೋ ನಿಮ್ಮ ಒತ್ತಾಯಕ್ಕೆ ಎಂಬಂತೆ ಮುಂದೆ ಬಂದು ಮತ್ತೆ ಹಾಡುವನು. ಆ ಎರಡನೆಯ ಹಾಡೇ ಹಾಡು. ಕಂಪ್ಲಿಯಲ್ಲಿ ಅವನಿಗೆ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳದವರು ಇಲ್ಲ.

ಆಮೇಲೆ ಮಾತಾಡುವ ಸಿನಿಮಾ ಬಂತು, ಕಂಪನಿ ಮುಚ್ಚಿತು, ರಾಜ ಊರಿಗೆ ಬಂದು ಮನೆಯಲ್ಲಿ ಕೂತ. ಹಾಡಿಸುವವರು ಇಲ್ಲದೆ ಹಾರ್ಮೋನಿಯಂ ಪೇಟಿಯ ಮೇಲೆ ಅರಿವೆ ಹೊದಿಸಿಟ್ಟಿದ್ದ. ಹೀಗಿರುವಾಗ ಅವನ ಹಳೆಯ ಹಾಡು ಬಲ್ಲ ಯಾರೋ ಹೇಳಿದ್ದರಿಂದ ಮೈಸೂರಿನ ನಿಲಯದವರು ಬಂದು ಹಾಡಿ ಎಂದು ಕರೆದರು. ಒಂದು ಸಲ ಮೂರು ಹಾಡು ಹಾಡಿ ನೋಡುವುದು, ಮೆಚ್ಚುಗೆಯಾದರೆ ಆಗಾಗ ಕರೆಯುವುದು, ಇಲ್ಲವಾದರೆ ಅಲ್ಲಿಗೇ ಮುಗಿಯಿತು ಎಂಬ ಮಾತು. ಊರೆಲ್ಲ ಸಂತೋಷಪಟ್ಟಿತು, ಅವನೊಬ್ಬನನ್ನು ಬಿಟ್ಟು. ಮಳೆಗಾಲದ ಬಿಡುವಿನ ದಿನ, ಗಿರಣಿ ಕಟ್ಟೆಯ ಮೇಲೆ ಬಂದು ಕೂತ.

"ಪಂಪ, ಹೋಗ್ಲೋ ಬ್ಯಾಡೋ?"

"ಯಾಕ ಹೋಗಬ್ಯಾಡ? ಹುಚ್ಚೇನು ನಿನಗ?"

"ಒಂದು ಖೋಲ್ಯಾಗ ಕುಂದರಸ್ತಾರಂತ. ಬಾಗಲಾ ಹಾಕ್ತಾರಂತ. ಗ್ವಾಡಿಗೆಲ್ಲ ದಪ್ಪನ ಅರಿವಿ ಹೊಡದಿರ್ತಾರಂತ, ದನಿ ತಿರುಗಿ ಬರಬಾರದು ಅಂತ. ಎದುರಿಗೆ ಒಬ್ಬ ಮನಿಷ್ಯಾ ಇರಂಗಿಲ್ಲ. ಯಾರಿಗೆ ಹಾಡ್ಲೋ ನಾನು?"

"ನಮಗ ಹಾಡು."

"ನೀವು ಇಲ್ಲಿರ್ತೀರಿ."

"ಇಲ್ಲೇ ಇರ್ತೀವಿ, ಎಲ್ಲಿ ಹೊಕ್ಕೀವಿ? ಇಡೀ ಕಂಪ್ಲಿ ಈ ಅಂಗಳದಾಗ ಕುಂತಿರ್ತೈತಿ. ನೀ ಕಣ್ಣು ಮುಚ್ಚು, ನಾವು ಕಾಣ್ತೀವಿ. ಒನ್ಸ್ ಮೋರ್ ಹೊಡಸೋದು ನನ್ನ ಜವಾಬ್ದಾರಿ."

"ಆಣಿ ಮಾಡು."

"ಇಂಜಿನ್ ಆಣಿ" ಎಂದೆ.

ಅವನು ಕಟ್ಟೆಯಿಂದ ಏಳುತ್ತ ಹೇಳಿದ: "ಇದೊಂದು ಕೆಟ್ರ, ಪಂಪ, ಪೇಟಿಗೆ ಹೊದಿಸಿದ ಅರಿವಿ ನಾ ಮತ್ತ ತಗಿಯಂಗಿಲ್ಲ."

ಆಣೆ ಮಾಡಿದ್ದು ಮಳೆಗಾಲದಲ್ಲಿ. ಬಿಡುವಿನಲ್ಲಿ ಆಣೆ ಸುಲಭ. ಮೈಸೂರಿನವರು ಏನೇನೋ ಕಾರಣದಿಂದ ಮುಂದಕ್ಕೆ ಹಾಕುತ್ತ ಹೋಗಿ, ಕೊನೆಗೆ ಗೊತ್ತುಮಾಡಿದ ಸಂಜೆ ನಡು ಸುಗ್ಗಿಯಲ್ಲಿ ಬಂತು. ಗಿರಣಿಯ ಮುಂದೆ ಭತ್ತದ ಬಂಡಿಗಳು ಬಾಲ ಬೆಳೆಸಿಕೊಂಡು ನಿಂತಿದ್ದವು. ಗಾದಿಲಿಂಗಪ್ಪ ಪೇಟಿ ಹೊತ್ತು ಹೊಸಪೇಟೆಯ ಬಸ್ಸು ಹತ್ತುವಾಗ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಎಲ್ಲಾರೂ ಬರ್ತಾರಲ್ಲ?" ಎಂದ. "ಬರ್ತಾರ" ಎಂದೆ.

ಸಂತೆಯಲ್ಲಿ, ಹೊಳೆಯ ದಡದಲ್ಲಿ, ಚಾದ ಅಂಗಡಿಯಲ್ಲಿ ಕಂಡವರಿಗೆಲ್ಲ ಹೇಳಿದ್ದೆ. ಎಲ್ಲರೂ "ಬರ್ತೀವ್ರಿ, ಬರದೇನು" ಎಂದಿದ್ದರು. ಸುಗ್ಗಿಯಲ್ಲಿ ಆ ಮಾತಿಗೆ ಬರುವುದಿಲ್ಲ ಎಂದು ಅರ್ಥ. ಆ ಸಂಜೆ ಎರಡು ಚೊಂಬು ನೀರು ಹಾಕಿದೆ. ಅಂಗಳದಲ್ಲಿ ಗಿರಣಿಯ ಚಾಪೆಗಳನ್ನೆಲ್ಲ ಹಾಸಿದೆ. ರೇಡಿಯೋವನ್ನು ಹೊರಗೆ ತಂದು ಎತ್ತರದ ಮಣೆಯ ಮೇಲಿಟ್ಟೆ. ಹೊತ್ತಾಯಿತು. ಅಷ್ಟು ದೊಡ್ಡ ಅಂಗಳದಲ್ಲಿ ನಾನು, ನೀಲಮ್ಮ, ಗಾದಿಲಿಂಗಪ್ಪನ ಹೆಂಡತಿ ಶಂಕ್ರಮ್ಮ, ಮೂರೇ ಜನ. ಶಂಕ್ರಮ್ಮ ಲಗ್ನಕ್ಕೆ ಬಂದವಳಂತೆ ರೇಷ್ಮೆ ಸೀರೆಯುಟ್ಟು ಬಂದಿದ್ದಳು. ಹೊರಗಿನ ಬಂಡಿಯವರನ್ನು ಕರೆದರೆ, "ಪಾಳಿ ಬಿಟ್ಟು ಹೆಂಗ ಬರೋದ್ರಿ ಸಾವ್ಕಾರ್ರೆ? ಹಿಂದಿನಾವ ಮುಂದ ನುಗ್ತಾನ" ಎಂದರು.

ರೇಡಿಯೋ ಹಚ್ಚಿದೆ. ಒಂದು ಕಡೆ ಇಂಜಿನ್ನಿನ ಗುದ್ದು, ಇನ್ನೊಂದು ಕಡೆ ಡೈನಮೋದ ಚಟಪಟ. ನಡುವೆ ಮೈಸೂರು ಸೊಳ್ಳೆಯಂತೆ ಗುಂಯ್ ಎನ್ನುತ್ತಿತ್ತು. ಆ ಹೆಣ್ಣುಮಗಳು ಕಂಪ್ಲಿ ಎಂದಳೋ, ಗಾದಿಲಿಂಗಪ್ಪನವರು ಎಂದಳೋ, ತಿಳಿಯಲಿಲ್ಲ. ಪೇಟಿಯ ಸ್ವರ ಎದ್ದಂತಾಯಿತು. ಶಂಕ್ರಮ್ಮ ಪೆಟ್ಟಿಗೆಯ ಹತ್ತಿರ ಸರಿದು ಕಿವಿಗೊಟ್ಟು, ನನ್ನ ಮುಖ ನೋಡಿ ಕೇಳಿದಳು: "ಅಣ್ಣಾ, ಇದು ಅವರ ದನಿ ಏನು, ನಿನ್ನ ಇಂಜಿನ್ನಿಂದೇನು?"

ಮಗಳ ಲಗ್ನದಲ್ಲಿ ನಿಲ್ಲಿಸದವನು ಎದ್ದು ಇಂಜಿನ್ ಮನೆಗೆ ಹೋದೆ.

"ಮಾಬು, ನಿಲ್ಸು."

"ಏನ್ರಿ?"

"ಇಂಜಿನ್ ನಿಲ್ಸು."

ಮಾಬುಸಾಬ ಎಣ್ಣೆಗೈಯಿಂದಲೇ ನನ್ನ ಹಣೆ ಮುಟ್ಟಿ ನೋಡಿದ. "ಜ್ವರ ಏನಿಲ್ಲಲ್ರಿ."

"ಜಲ್ದಿ ನಿಲ್ಸಲೇ."

ಅವನು ಎಣ್ಣೆಯ ಕೀಲಿ ತಿರುಗಿಸಿದ. ಇಂಜಿನ್ ಎರಡು ಸಲ ಕೆಮ್ಮಿ, ಉಸಿರು ಬಿಟ್ಟು, ನಿಂತಿತು. ಅಂಥ ನಿಶ್ಶಬ್ದವನ್ನು ನಾನು ಸುಗ್ಗಿಯಲ್ಲಿ ಕೇಳಿಯೇ ಇರಲಿಲ್ಲ. ಗಿರಣಿಯ ತೊಲೆಯ ಮೇಲೆ ಗುಬ್ಬಿಗಳಿವೆ ಎಂದು ಅವತ್ತು ಗೊತ್ತಾಯಿತು. ಬಂಡಿಗಳ ಎತ್ತುಗಳೆಲ್ಲ ಕತ್ತೆತ್ತಿ ನೋಡಿದವು. ಅಂಗಳದಿಂದ ಗಾದಿಲಿಂಗಪ್ಪ ಸ್ಪಷ್ಟವಾಗಿ ಕೇಳತೊಡಗಿದ.

ಕೇಳಿದ, ಆದರೆ ಅದು ಅವನ ದನಿಯಾಗಿರಲಿಲ್ಲ. ಮೊದಲ ಹಾಡು ಮುಚ್ಚಿದ ಮಡಕೆಯ ಒಳಗಿನಿಂದ ಬಂದಂತಿತ್ತು. ಸ್ವರ ತಪ್ಪಿಲ್ಲ, ತಾಳ ತಪ್ಪಿಲ್ಲ. ರಾಜ ಮಾತ್ರ ಇಲ್ಲ. ಅರಿವೆ ಹೊಡೆದ ಗೋಡೆಗಳ ನಡುವೆ ಒಬ್ಬ ಮುದುಕ ಒಬ್ಬನೇ ಕೂತು ಹಾಡುತ್ತಿದ್ದ. ಶಂಕ್ರಮ್ಮ ತಲೆ ತಗ್ಗಿಸಿದಳು. "ಹೆದರ್ಯಾರ" ಎಂದಳು. ನಾನು ಖಾಲಿ ಚಾಪೆಗಳನ್ನು ನೋಡಿದೆ. ಕಣ್ಣು ಮುಚ್ಚಿದರೆ ನಾವು ಕಾಣುತ್ತೇವೆ ಎಂದು ಹೇಳಿ ಕಳಿಸಿದ್ದೆನಲ್ಲ, ಕಾಣಲು ಇಲ್ಲಿ ಯಾರಿದ್ದರು?

ಆಗ ಬೀದಿಯಲ್ಲಿ ಕಾಲಿನ ಸದ್ದಾಯಿತು. ಒಬ್ಬರದಲ್ಲ, ಇಬ್ಬರದಲ್ಲ. ಎಲ್ಲರಿಗಿಂತ ಮುಂದೆ ಹೂ ಮಾರುವ ಹಣಮವ್ವ, ಕೈಯಲ್ಲಿ ಅರ್ಧ ಕಟ್ಟಿದ ಚೆಂಡುಹೂವಿನ ಮಾಲೆ, ರಾಗ ತೆಗೆದು ಅಳುತ್ತ ಓಡಿಬಂದಳು. "ಅಯ್ಯೋ ನಮ್ಮಪ್ಪಾ, ಹಗಲು ರಾತ್ರಿ ದುಡದ್ಯಲ್ಲೋ, ಕುಂತು ಉಣಲಿಲ್ಲಲ್ಲೋ, ಬಂಡಿ ಹೊಡದು ಗಿರಣಿ ಕಟ್ಟಿದ ಗಂಡಸ ಇನ್ನ ಎಲ್ಲಿ ಸಿಗತಾನವ್ವಾ..." ಅವಳ ಹಿಂದೆ ಅರ್ಧ ಊರು. ಗದ್ದೆಯಿಂದ ಬಂದವರು, ಕುಡುಗೋಲು ಕೈಯಲ್ಲೇ ಇದ್ದವರು, ಪಾಳಿ ಬಿಟ್ಟು ಬಂದ ಬಂಡಿಯವರು. ಇಂಜಿನ್ ನಿಂತಿದೆ, ಆದ್ದರಿಂದ ಪಂಪಣ್ಣ ಸತ್ತಿದ್ದಾನೆ. ನನ್ನ ಮಾತನ್ನು ಅವರು ಅಷ್ಟು ನಂಬಿದ್ದರು.

ನಿಜ ಹೇಳಬೇಕೆಂದರೆ ನಾನು ಹಣಮವ್ವನನ್ನು ತಡೆಯಲಿಲ್ಲ. ಸತ್ತ ಮೇಲೆ ನನ್ನ ಬಗ್ಗೆ ಏನನ್ನುತ್ತಾರೆ ಎಂದು ಬಹಳ ದಿನದಿಂದ ಕುತೂಹಲವಿತ್ತು. ಅವಳು ಒಳ್ಳೆಯ ಮಾತನ್ನೇ ಆಡುತ್ತಿದ್ದಳು. ಇನ್ನೂ ಆಡುತ್ತಿದ್ದಳೇನೋ, ಅಷ್ಟರಲ್ಲಿ ನೀಲಮ್ಮ ತಿರುಗಿ ಗದರಿಸಿದಳು: "ಬಾಯಿ ಮುಚ್ಚಬೇ ಹಣಮವ್ವ, ಹಾಡು ಬರಾಕತ್ತೈತಿ. ನನ್ನ ಗಂಡ ಇಲ್ಲೇ ಕುಂತಾನ, ಅತ್ರ ಕುಂಕುಮದಾಕಿ ನಾ ಅಳಬೇಕು, ನಿಂದೇನು?"

ಹ್ಞಾಂ ಎಂದು ಎಲ್ಲರೂ ನಿಂತರು. ಬುಕ್ಕಸಾಗರದ ಒಬ್ಬ ಬಂಡಿಯವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸತ್ತಿಲ್ಲೇನ್ರಿ? ಮಣ್ಣು ಮಾಡಸಾಕ ಅಯ್ನೋರನ್ನ ಕರೆಯಾಕ ಆಗಲೇ ಕಳಿಸ್ಯಾರ" ಎಂದ. ಅವನ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇದ್ದಂತೆ ತೋರಿತು.

"ಬಂದಾರು ಬಂದೀರಿ, ಕುಂದ್ರಿ. ನಮ್ಮ ಗಾದಿಲಿಂಗ ಹಾಡಾಕತ್ತಾನ. ಜನ ಇಲ್ಲಂತ ಅಲ್ಲಿ ಒಣಗಾಕತ್ತಾನ" ಎಂದೆ.

ಕುಂತರು. ಅಳಲು ಬಂದವರು ಅಳು ನುಂಗಿ ಚಾಪೆ ತುಂಬಿದರು. ಹಣಮವ್ವ ಕೈಯಲ್ಲಿನ ಮಾಲೆಯನ್ನು ಏನು ಮಾಡಬೇಕೆಂದು ತಿಳಿಯದೆ ನನ್ನನ್ನೊಮ್ಮೆ ನೋಡಿದಳು, ರೇಡಿಯೋವನ್ನೊಮ್ಮೆ ನೋಡಿದಳು, ಕೊನೆಗೆ ರೇಡಿಯೋಕ್ಕೆ ಹಾಕಿದಳು.

ಅಷ್ಟರಲ್ಲಿ ಎರಡನೆಯ ಹಾಡು. ರಾಜ್ಯ ಕಳೆದುಕೊಂಡ ರಾಜ ಕಾಡಿಗೆ ಹೊರಡುವಾಗ ತನ್ನ ಮುದಿ ಕುದುರೆಯ ಕೊರಳು ತಬ್ಬಿ ಹೇಳುವ ಹಾಡು. ಬಂಡಿಯವರಿಗೆ ಬಹಳ ಹಿಡಿಸುವ ಹಾಡು. ಕುದುರೆ ಎಂದಲ್ಲೆಲ್ಲ ಅವರು ಎತ್ತು ಎಂದೇ ಕೇಳಿಸಿಕೊಳ್ಳುತ್ತಾರೆ. ಅಂಜುತ್ತಂಜುತ್ತಲೇ ಶುರುಮಾಡಿ, ಅಂಜುತ್ತಲೇ ಕೊನೆಯ ಸಾಲಿಗೆ ಬಂದು ಮುಗಿಸಿದ.

ಮುಗಿಸಿದ ಮೇಲೆ ರೇಡಿಯೋದಲ್ಲಿ ಏನೂ ಬರಲಿಲ್ಲ. ಬರೀ ಸುಯ್ ಎಂಬ ಗಾಳಿ.

ಕೆಟ್ಟಿತೇನೋ ಎಂದು ಮಾಬುಸಾಬ ಬ್ಯಾಟರಿಯ ಕಡೆ ಕೈ ಹಾಕಿದ. ನಾನು ಅವನ ಕೈ ಹಿಡಿದೆ. ನನಗೆ ಕಂಡಿತ್ತು. ಅಲ್ಲಿ, ಆ ಮುಚ್ಚಿದ ಕೋಣೆಯಲ್ಲಿ, ಅವನು ಪೇಟಿ ಬಿಟ್ಟು ಎದ್ದು ಹಿಂದಕ್ಕೆ ಸರಿದಿದ್ದಾನೆ. ಮೀಸೆಯ ಮೇಲೆ ಕೈಯಾಡಿಸುತ್ತಿದ್ದಾನೆ. ಕಾಯುತ್ತಿದ್ದಾನೆ.

"ಕೂಗ್ರೆಲೇ" ಎಂದೆ.

ಕೂಗಿದರು. ಕಂಪ್ಲಿಗೆ ಅದನ್ನು ಹೇಳಿಕೊಡಬೇಕೇ? "ಒನ್ಸ್ ಮೋರ್" ಎಂಬ ಕೂಗು ಗಿರಣಿಯ ತಗಡಿಗೆ ಬಡಿದು ತಿರುಗಿ ಬಂತು. ಗುಬ್ಬಿಗಳು ಎದ್ದುಹೋದವು. ರೇಡಿಯೋ ಮಾತ್ರ ಸುಯ್ ಎನ್ನುತ್ತಲೇ ಇತ್ತು. ಶಂಕ್ರಮ್ಮ ಎರಡೂ ಕೈಯಲ್ಲಿ ಸೆರಗು ಹಿಡಿದು ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

"ಒಂದು ಸಲಕ್ಕೆ ಹಾಡಾವಲ್ಲ ಅಂವ, ಜಂಬದಾವ. ಇನ್ನೊಮ್ಮೆ" ಎಂದೆ.

ಎರಡನೆಯ ಸಲ ಹಣಮವ್ವನೂ ಕೂಗಿದಳು, ನೀಲಮ್ಮನೂ ಕೂಗಿದಳು. ಮಾಬುಸಾಬ ಬಾಯಲ್ಲಿ ಬೆರಳಿಟ್ಟು ಸೀಟಿ ಹೊಡೆದ. ಆ ಸೀಟಿ ಇನ್ನೂ ಗಾಳಿಯಲ್ಲಿರುವಾಗಲೇ ಪೇಟಿ ಎದ್ದಿತು. ಹಿಂದೆಯೇ ಅವನ ದನಿ. ಹಂಪಿಯ ಮಂಟಪದಲ್ಲಿ ಕಲ್ಲುಗಳನ್ನು ಹಾಡಿಸುತ್ತಿದ್ದ ದನಿ. ಅದೇ ಹಾಡನ್ನು ಮೊದಲಿನಿಂದ, ಎದೆ ತೆರೆದು, ಕುದುರೆಯ ಒಂದೊಂದು ಕೂದಲನ್ನೂ ಸವರುತ್ತ ಹಾಡಿದ. ಸತ್ತಿಲ್ಲೇನ್ರಿ ಎಂದ ಬಂಡಿಯವ ಎದ್ದು ಹೊರಗೆ ಹೋಗಿ ತನ್ನ ಎತ್ತಿನ ಕೊರಳಿಗೆ ಕೈಹಾಕಿಕೊಂಡು ನಿಂತ. ಶಂಕ್ರಮ್ಮ, "ಹ್ಞಾಂ, ಇವರು ನಮ್ಮವರು" ಎಂದಳು, ಮೆಲ್ಲಗೆ.

ಹಾಡು ಮುಗಿಯುತ್ತಲೇ ಆ ಹೆಣ್ಣುಮಗಳು ತಪ್ಪಿದ ಬಸ್ಸಿನ ಹಿಂದೆ ಓಡುವವಳಂತೆ ಅವಸರವಾಗಿ ಏನೋ ಹೇಳಿ ಮುಗಿಸಿದಳು. ಮೂರನೆಯ ಹಾಡು ಬರಲೇ ಇಲ್ಲ. ಮೂರನೆಯದರ ಹೊತ್ತನ್ನು ನಾವು ತಿಂದಿದ್ದೆವು. ಆ ರಾತ್ರಿ ಇಂಜಿನ್ ಎಷ್ಟು ಕಾಸಿದರೂ ಏಳಲಿಲ್ಲ. ಬಂಡಿಯವರು ಯಾರೂ ಬೈಯಲಿಲ್ಲ, ನಮ್ಮ ಚಾಪೆಯ ಮೇಲೆಯೇ ಮಲಗಿದರು.

ಗಾದಿಲಿಂಗಪ್ಪ ಬಂದಾಗ ಬಸ್ಸಿನಿಂದ ನಮ್ಮ ಗಿರಣಿಗೆ ನೇರ ಬಂದ. ದಾರಿಯಲ್ಲೇ ಊರಿನವರು ಎಲ್ಲವನ್ನೂ ಹೇಳಿಬಿಟ್ಟಿದ್ದರು. ಪೇಟಿಯನ್ನು ಕಟ್ಟೆಯ ಮೇಲಿಟ್ಟು, ನನ್ನನ್ನು ನೋಡಿ ಅಂದ: "ನನ್ನ ಹಾಡಿಗೆ ಜನ ಕೂಡಸಾಕ ನೀ ಸಾಯಬೇಕಾತೇನೋ ಪಂಪ."

"ಆಣಿ ಮಾಡಿದ್ದೆಲ್ಲ. ಅದಿರ್ಲಿ, ಅಲ್ಲೇನಾತು ಹೇಳು."

"ಮೊದಲನೇ ಹಾಡಿಗೆ ಜೀವ ಹಾರಿಹೋಗಿತ್ತು. ಎರಡನೇದು ಮುಗದ ಕೂಡ್ಲೆ ಎದ್ದೆ, ಕಾಲು ತಾನ ಹಿಂದಕ ಹೋತು ನೋಡು. ಕಣ್ಣು ಮುಚ್ಚಿದೆ. ಗಾಜಿನ ಆಚಿಗೆ ಒಬ್ಬ ಹುಡುಗ ಎರಡೂ ಕೈ ಬೀಸಾಕತ್ತಿದ್ದ, ಮುಚ್ಚೋ ಮುಂದ ಕಂಡಿದ್ದೆ. ಬೀಸ್ಲಿ ಬಿಡು ಅಂದೆ. ಮೊದಲ್ನೇ ಕೂಗು ಬಂತು. ನಿಂತೆ. ಎರಡ್ನೇದಕ್ಕ ಮಾಬುನ ಸೀಟಿ ಬಂತು. ಕುಂತು ಹಾಡಿದೆ."

"ಕೇಳ್ತಾ ನಿನಗ?"

"ಕೇಳದೇನು? ಹಣಮವ್ವನ ದನಿ ಸೈತ ಕೇಳ್ತು" ಎಂದ. ಸುಳ್ಳೋ ನಿಜವೋ, ನಾನು ಬಿಡಿಸಿ ಕೇಳಲಿಲ್ಲ.

"ಮತ್ತ ಕರೀತಾರಂತೋ?"

ಅವನು ಮೀಸೆಯ ಮೇಲೆ ಕೈಯಾಡಿಸುತ್ತ ಸುಮ್ಮನೆ ನಿಂತ. ಎರಡನೆಯ ಸಲ ಕೇಳಲಿ ಎಂದು. ಕೇಳಿದೆ.

"ಕರೀತಾರಂತ. ಭಾಳ ಹಿಡಿಸೇತಂತ. ಒಂದೇ ಕರಾರು: ಹಾಡು ಮುಗದ ಮ್ಯಾಲೆ ಸುಮ್ಮ ನಿಂದ್ರಬಾರದಂತ."

"ಒಪ್ಪಿದ್ಯಾ?"

"ಸುಮ್ಮ ನಿಂದ್ರಂಗಿಲ್ಲ, ಪೇಟಿ ಬಾರಸ್ತಿರ್ತೀನಿ ಅಂದೆ. ಅಷ್ಟ್ರಾಗ ನೀವು ಕೂಗಿ ಮುಗಸ್ರಿ."

ಅಂದಿನಿಂದ ಅವನು ಹಾಡುವ ಸಂಜೆ ಇಂಜಿನ್ ನಿಲ್ಲುತ್ತದೆ, ಸುಗ್ಗಿಯಿರಲಿ ಬಿಡಲಿ. ಈಗ ಯಾರೂ ಅಳುತ್ತ ಬರುವುದಿಲ್ಲ. ಟುಕ್ ಟುಕ್ ನಿಂತ ಕೂಡಲೇ ಚಾಪೆ ಸುತ್ತಿಕೊಂಡು, ಮಡಿಲಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು, ಮುಂದಿನ ಜಾಗಕ್ಕೆ ಜಗಳವಾಡುತ್ತ ಬರುತ್ತಾರೆ. ಹಣಮವ್ವ ಮಾಲೆಯನ್ನು ಮೊದಲೇ ಪೂರ್ತಿ ಕಟ್ಟಿಟ್ಟಿರುತ್ತಾಳೆ. ನನಗೆ ಒಂದೇ ಯೋಚನೆ. ನಾಳೆ ನಾನು ನಿಜವಾಗಿ ಹೋದಾಗ ಇಂಜಿನ್ ನಿಲ್ಲುತ್ತದಲ್ಲ, ಆಗಲೂ ಜನ ಶೇಂಗಾ ಹಿಡಿದುಕೊಂಡೇ ಬಂದರೆ? ಇದನ್ನು ನೀಲಮ್ಮನಿಗೆ ಹೇಳಿದೆ. ಅವಳು ತೊಂಡೆಕಾಯಿ ಹೆಚ್ಚುತ್ತಿದ್ದವಳು ತಲೆಯೆತ್ತದೆ, "ಬರ್ಲಿ ಬಿಡ್ರಿ, ಬಂದಾರಿಗೆ ರೇಡಿಯೋ ಹಚ್ಚಿದ್ರಾತು" ಎಂದಳು.

ಹೊತ್ತು ಇಳಿಯುತ್ತಿದೆ. ಗೋಡೆಯ ಬುಡಕ್ಕೆ ನೀರು ಹಾಕಬೇಕು. ಇವತ್ತು ಮೈಸೂರಿನಲ್ಲಿ ಗಾದಿಲಿಂಗಪ್ಪನ ಹಾಡಿದೆ. ಹತ್ತೊಂಬೈನೂರ ನಾಲ್ಕರಲ್ಲಿ ಸ್ಲೇಟು ಬಿಟ್ಟು ಬಂದವನ ಹತ್ತಿರ ಈಗ ಇರುವುದು ಇಷ್ಟು: ಗಿರಣಿ ಒಂದು, ಇಂಜಿನ್ ಒಂದು, ರೇಡಿಯೋ ಒಂದು, ಅದಕ್ಕೆ ಬ್ಯಾಟರಿ ಎರಡು, ತಾಮ್ರದ ಚೊಂಬು ಒಂದು, ತೊಂಡೆಯ ಬಳ್ಳಿ ಒಂದು, ಹೆಂಡತಿ ಒಬ್ಬಳು, ಗೆಳೆಯ ಒಬ್ಬ, ಕಿವಿ ಒಂದೂವರೆ. ಕ್ಲಾಸು, ಐದನೆಯದು.